ಸೂಜಿ ತಂದ ಬ್ಯಾನಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯಿಂದ ಬಿಸಿಲಲ್ಲಿ ಬಂದು ಕೂತಿರುವ ಬಂಧುಗಳೆ,

ದತ್ತಿ ಉಪನ್ಯಾಸ ಎಂದರೆ ವಚನ ಇರುತ್ತದೆ, ಕಿತ್ತೂರಿನ ಇತಿಹಾಸ ಇರುತ್ತದೆ, ಇಲ್ಲವೇ ಯಲ್ಲಮ್ಮನ ಹಾಡಿನ ಪರಂಪರೆ ಇರುತ್ತದೆ. ಸಂಘಟಕರು ಫೋನು ಮಾಡಿದಾಗ ‘ನಾ ಡಾಕ್ಟರ ಅದೀನ್ರಿ, ಸಾಹಿತಿ ಅಲ್ಲ, ನಂಬರ ತಪ್ಪಿರಬೇಕು’ ಎಂದೆ. ‘ತಪ್ಪಿಲ್ರಿ ಸಾಹೇಬ್ರ, ಆರೋಗ್ಯದ ಮಾತು ಕನ್ನಡದಾಗ ಆಗ್ಲಿ ಅಂತನ ಈ ದತ್ತಿ ಇಟ್ಟಾರ’ ಎಂದರು. ವಿಷಯವನ್ನು ನನಗೇ ಬಿಟ್ಟರು. ಸಕ್ಕರೆ ಬ್ಯಾನಿ, ಬಿಪಿ, ಹೃದಯದ ವಿಚಾರವನ್ನು ನೀವು ವಾಟ್ಸಾಪಿನಲ್ಲಿ ನನಗಿಂತ ಹೆಚ್ಚು ಓದಿದ್ದೀರಿ. ಅದಕ್ಕೇ ಹೆಸರು ಕೂಡ ಸುಲಭಕ್ಕೆ ಬಾಯಿಗೆ ಬರದ ಹೆಪಟೈಟಿಸ್ ಸಿ ಎಂಬ ರೋಗವನ್ನು ಆರಿಸಿಕೊಂಡೆ. ಅದಕ್ಕೆ ಒಬ್ಬ ಮನುಷ್ಯ ಕಾರಣ.

ರಾಮದುರ್ಗ ಕಡೆಯ ಒಬ್ಬ ನೇಕಾರರು. ಹೆಸರು ಬೇಡ. 2006ರಲ್ಲಿ ನನ್ನ ದವಾಖಾನಿಗೆ ಬಂದಾಗ ಅವರಿಗೆ ಐವತ್ತರ ಮೇಲೆ ಎರಡೋ ಮೂರೋ ವರ್ಷ. ಹೊಟ್ಟೆ ಗಡಿಗೆಯಂತೆ ಉಬ್ಬಿತ್ತು, ಕಾಲು ಬಾತಿದ್ದವು, ತೋಳು ಮಾತ್ರ ಲಾಳಿಯ ಹಾಗೆ ಸಣ್ಣಗಾಗಿದ್ದವು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಲಿವರ್ ಒಣಗಿ ಗಂಟುಗಟ್ಟಿದಾಗ, ನಾವು ಸಿರೋಸಿಸ್ ಎನ್ನುವ ಸ್ಥಿತಿಯಲ್ಲಿ, ಹೀಗಾಗುತ್ತದೆ. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ: ಕುಡಿದ. ಈ ಮನುಷ್ಯ ಹೆಂಡ ಹೋಗಲಿ, ಚಹಾವನ್ನೂ ಬಿಟ್ಟವರು. ಊರಿನವರು ನಂಬಲಿಲ್ಲ. ‘ಕದ್ದು ಕುಡೀತಿದ್ನೇಳು’ ಎಂದರು. ಅವರ ಹೆಂಡತಿ ಎರಡನೆಯ ಸಲ ಬಂದಾಗ ಔಷಧಿಯ ಮಾತೇ ಎತ್ತಲಿಲ್ಲ. ‘ಸಾಹೇಬ್ರ, ಒಮ್ಮೆ ನಮ್ಮೂರಿಗೆ ಬಂದು ನಾಕು ಮಂದಿ ಮುಂದ ಹೇಳ್ರಿ, ನಮ್ಮವರು ಕುಡದಿಲ್ಲಂತ’ ಎಂದಳು.

ರಕ್ತ ಪರೀಕ್ಷೆಗೆ ಕಳಿಸಿದೆ. ಹೆಪಟೈಟಿಸ್ ಸಿ ಬಂತು. ಎಲ್ಲಿಂದ ಬಂತೆಂದು ಕೆದಕಿ ಕೇಳಿದಾಗ ಹಳೆಯದೊಂದು ಸಂಗತಿ ಹೊರಬಿತ್ತು. 1989ರಲ್ಲಿ ಕಬ್ಬಿನ ಚಕ್ಕಡಿಯ ಗಾಲಿ ತೊಡೆಯ ಮೇಲೆ ಹಾಯ್ದು ಎಲುಬು ಮುರಿದಿತ್ತು. ಎರಡು ಬಾಟಲಿ ರಕ್ತ ಹಾಕಿದ್ದರು. ಆ ರಕ್ತ ಅವರ ಜೀವ ಉಳಿಸಿತ್ತು. ಹದಿನೇಳು ವರ್ಷದ ಮೇಲೆ ಅದೇ ರಕ್ತ ಸಾಲ ಕೇಳಲು ಬಂದಿತ್ತು.

1989 ಎಂಬ ಇಸವಿಯನ್ನು ನೆನಪಿಡಿ. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೈರಾನ್ ಕಂಪನಿಯಲ್ಲಿದ್ದ ಮೈಕೆಲ್ ಹಾಟನ್, ಕ್ವಿ-ಲಿಮ್ ಚೂ, ಜಾರ್ಜ್ ಕುವೊ ಮತ್ತು ಅವರ ಸಂಗಡಿಗರು ಈ ವೈರಸ್ಸನ್ನು ಗುರುತು ಹಿಡಿದ ಸುದ್ದಿಯನ್ನು ಜಗತ್ತಿಗೆ ತಿಳಿಸಿದ್ದರು. ಅದಕ್ಕೂ ಹದಿನಾಲ್ಕು ವರ್ಷ ಮೊದಲು ಹಾರ್ವಿ ಆಲ್ಟರ್ ಎಂಬ ವೈದ್ಯರು ರಕ್ತ ಹಾಕಿಸಿಕೊಂಡವರಲ್ಲಿ ಬರುವ ಒಂದು ಬಗೆಯ ಲಿವರ್ ಉರಿಯೂತ ಎ ವೈರಸ್ಸಿನದೂ ಅಲ್ಲ, ಬಿ ವೈರಸ್ಸಿನದೂ ಅಲ್ಲ ಎಂದು ತೋರಿಸಿದ್ದರು. ಹೆಸರಿಡಲು ಆಗದೆ ಅದನ್ನು ‘ನಾನ್-ಎ, ನಾನ್-ಬಿ’ ಎಂದೇ ಕರೆದರು. ಅದು ಇದಲ್ಲ, ಅದೂ ಅಲ್ಲ ಎನ್ನುವ ಹೆಸರು. ನೇತಿ ನೇತಿ ಎಂದ ನಮ್ಮ ಹಿರಿಯರಿಗೆ ಇದು ಹೊಸದೇನಲ್ಲ. 1997ರಲ್ಲಿ ಚಾರ್ಲ್ಸ್ ರೈಸ್ ಈ ವೈರಸ್ ಒಂದೇ ಸಾಕು, ರೋಗ ತರುತ್ತದೆ ಎಂಬುದನ್ನು ಸಾಧಿಸಿದರು. ಆಲ್ಟರ್, ಹಾಟನ್, ರೈಸ್ ಮೂವರಿಗೂ 2020ರಲ್ಲಿ ನೊಬೆಲ್ ಬಂತು. ಚೂ, ಕುವೊ ಹೊರಗುಳಿದರು. ಅವರಿಬ್ಬರನ್ನು ಬಿಟ್ಟು ತನಗೆ ಕೊಡುತ್ತಾರೆಂದು ಹಾಟನ್ 2013ರಲ್ಲಿ ಕೆನಡಾದ ಗೇರ್ಡ್ನರ್ ಪ್ರಶಸ್ತಿಯನ್ನೇ ಬೇಡವೆಂದಿದ್ದರು. ಇಂಥ ಮನುಷ್ಯನ ಬಗ್ಗೆ ನನಗೆ ಗೌರವ ತುಸು ಹೆಚ್ಚು.

ಅಂದಮೇಲೆ ನಮ್ಮ ನೇಕಾರರಿಗೆ ರಕ್ತ ಹಾಕಿದ ದಿನ ಅದನ್ನು ಪರೀಕ್ಷಿಸುವ ಸಾಧನ ಯಾರ ಹತ್ತಿರವೂ ಇರಲಿಲ್ಲ. ಹುಬ್ಬಳ್ಳಿಯಲ್ಲೂ ಇಲ್ಲ, ಮುಂಬಯಿಯಲ್ಲೂ ಇಲ್ಲ. ಯಾರನ್ನೂ ದೂರುವಂತಿಲ್ಲ. ನಮ್ಮ ದೇಶದ ರಕ್ತನಿಧಿಗಳಲ್ಲಿ ಸಿ ಪರೀಕ್ಷೆ ಕಡ್ಡಾಯವಾಗಿದ್ದು 2001-02ರ ಹೊತ್ತಿಗೆ. ದುಡ್ಡಿಗಾಗಿ ರಕ್ತ ಮಾರುವುದು ಸುಪ್ರೀಂ ಕೋರ್ಟಿನ ತೀರ್ಪಿನಂತೆ 1998ರ ಜನವರಿಯಿಂದ ನಿಂತಿತ್ತು. ಈಗ ಸಂಗೊಳ್ಳಿ ರಾಯಣ್ಣನ ಹೆಸರಿನಲ್ಲೋ ಚನ್ನಮ್ಮನ ಹೆಸರಿನಲ್ಲೋ ನೀವು ಶಿಬಿರದಲ್ಲಿ ಕೊಡುವ ಒಂದೊಂದು ಬಾಟಲಿಯನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಐದಕ್ಕೂ ಪರೀಕ್ಷಿಸಿಯೇ ಕೊಡುತ್ತಾರೆ. ರಕ್ತ ಹಾಕಿಸಿಕೊಳ್ಳಲು ಇಂದು ಅಂಜಬೇಕಾಗಿಲ್ಲ. ನಾನು ಹೇಳುತ್ತಿರುವುದು ಈ ಪರೀಕ್ಷೆ ಬರುವುದಕ್ಕೂ ಹಿಂದಿನವರ ಮಾತು.

ರಕ್ತದ ಬಾಟಲಿ ಒಂದು ದಾರಿ. ನಮ್ಮ ನಾಲ್ಕೂ ತಾಲೂಕುಗಳಲ್ಲಿ ಇನ್ನೂ ದೊಡ್ಡ ದಾರಿ ಬೇರೆ ಇತ್ತು. ಅದರಲ್ಲಿ ನಾನೂ ನಡೆದಿದ್ದೇನೆ, ಆದ್ದರಿಂದ ಒಪ್ಪಿಕೊಂಡೇ ಹೇಳುತ್ತೇನೆ.

1986ರಲ್ಲಿ ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ ದವಾಖಾನಿ ತೆಗೆದೆ. ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನಲ್ಲಿ ಕಲಿತದ್ದು ತಲೆಯಲ್ಲಿ ಬಿಸಿಯಾಗಿತ್ತು. ಮೊದಲ ವಾರ ನೆಗಡಿ, ಮೈಕೈ ನೋವಿಗೆ ಗುಳಿಗೆ ಬರೆದುಕೊಟ್ಟೆ. ಎರಡನೆಯ ವಾರ ಜನ ಬರಲಿಲ್ಲ. ಅಂಗಡಿಯವ ಹೇಳಿದ, ‘ಸಾಹೇಬ್ರ, ಸೂಜಿ ಮಾಡಲಾರದ ಡಾಕ್ಟರ ಎಂಥಾ ಡಾಕ್ಟರ ಅಂತಾರ್ರಿ.’ ಮೂರನೆಯ ವಾರದಿಂದ ಸೂಜಿ ಮಾಡತೊಡಗಿದೆ. ಕೆಂಪು ಬಣ್ಣದ ವಿಟಮಿನ್ನು, ಅದೂ ನೋವಾಗುವಂಥದ್ದು. ನೊಂದರೆ ಔಷಧಿ ಹತ್ತಿತು ಎಂದರ್ಥ. ಗಾಜಿನ ಸಿರಿಂಜು ಎರಡು, ಸೂಜಿ ಏಳೆಂಟು, ಸ್ಟೀಲಿನ ಡಬ್ಬಿ, ಸ್ಟೋವು. ಇಪ್ಪತ್ತು ನಿಮಿಷ ಕುದಿಯಬೇಕೆಂದು ಪುಸ್ತಕದಲ್ಲಿತ್ತು. ಸಂತೆಯ ದಿನ ಬಾಗಿಲಲ್ಲಿ ನಲವತ್ತು ಮಂದಿ ನಿಂತಾಗ ಇಪ್ಪತ್ತು ನಿಮಿಷ ಐದಾಗುತ್ತಿತ್ತು. ಕೆಲವು ಸಲ ಸೂಜಿ ಬದಲಾಗುತ್ತಿತ್ತು, ಸಿರಿಂಜು ಅದೇ. ನಾನೊಬ್ಬನೇ ಹೀಗೆ ಮಾಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ, ಎಲ್ಲರೂ ಮಾಡಿದರು ಎಂದು ಹೇಳಿದರೆ ತಪ್ಪಿಸಿಕೊಂಡ ಹಾಗಾಗುತ್ತದೆ.

ಆಮೇಲೆ ಎಚ್‌ಐವಿಯ ಅಂಜಿಕೆ ಬಂತು. ತೊಂಬತ್ತರ ದಶಕದಲ್ಲಿ ಪ್ಲಾಸ್ಟಿಕ್ ಸಿರಿಂಜು ಊರೂರಿಗೆ ಬಂದದ್ದು ಅದರಿಂದಲೇ. ಅದು ಸಹ ಒಮ್ಮೆ ಬಳಸಿ ಎಸೆಯಲಿಕ್ಕೆಂದೇ ಬಂದದ್ದು, ಆದರೆ ಎಸೆಯದವರೂ ಇದ್ದರು. 2000ದ ದಶಕದಲ್ಲಿ ದೇಶದ ತುಂಬ ನಡೆಸಿದ ಒಂದು ಅಧ್ಯಯನದಲ್ಲಿ ನೂರರಲ್ಲಿ ಅರವತ್ತಕ್ಕೂ ಹೆಚ್ಚು ಇಂಜೆಕ್ಷನ್ನುಗಳು ಒಂದಲ್ಲ ಒಂದು ರೀತಿಯಲ್ಲಿ ಅಸುರಕ್ಷಿತ ಎಂದು ಕಂಡಿತ್ತು. ಈ ವೈರಸ್ಸು ಗಟ್ಟಿ ಪಿಂಡ. ಸಿರಿಂಜಿನೊಳಗೆ ಉಳಿದ ರಕ್ತದ ತೇವದಲ್ಲಿ 63 ದಿನಗಳವರೆಗೂ ಜೀವ ಹಿಡಿದಿದ್ದನ್ನು ಯೇಲ್ ವಿಶ್ವವಿದ್ಯಾಲಯದವರು 2010ರಲ್ಲಿ ತೋರಿಸಿದ್ದಾರೆ. ಕಣ್ಣಿಗೆ ರಕ್ತ ಕಾಣಬೇಕೆಂದಿಲ್ಲ.

ಸೂಜಿಯ ಮೋಹ ನಮ್ಮದೊಂದೇ ಅಲ್ಲ. ಈಜಿಪ್ತಿನ ಕತೆ ಕೇಳಿ. ನೈಲ್ ನದಿಯ ಕಾಲುವೆಯಲ್ಲಿ ಇಳಿದು ದುಡಿಯುವ ರೈತರಿಗೆ ಶಿಸ್ಟೋಸೋಮ ಎಂಬ ಹುಳದ ರೋಗ ಬರುತ್ತಿತ್ತು. 1950ರ ದಶಕದಿಂದ 80ರ ದಶಕದವರೆಗೆ ಅಲ್ಲಿನ ಸರಕಾರ ಹಳ್ಳಿ ಹಳ್ಳಿಗೂ ಹೋಗಿ ಸಾಲಾಗಿ ನಿಲ್ಲಿಸಿ ಆ ಹುಳಕ್ಕೆ ಇಂಜೆಕ್ಷನ್ ಕೊಟ್ಟಿತು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿತು. ಸಿರಿಂಜು ಗಾಜಿನವು, ಕುದಿಸುವ ಪುರಸೊತ್ತು ಕಡಿಮೆ. ಹುಳದ ರೋಗದ ಬೆನ್ನಿಗೆ ಹೆಪಟೈಟಿಸ್ ಸಿ ಒಂದು ತಲೆಮಾರಿನ ರಕ್ತ ಸೇರಿತು. ಜಗತ್ತಿನಲ್ಲೇ ಅತಿ ಹೆಚ್ಚು ಸಿ ಸೋಂಕು ಇರುವ ದೇಶಗಳಲ್ಲಿ ಈಜಿಪ್ತು ಒಂದಾಯಿತು. ಅದೇ ಈಜಿಪ್ತು 2018-19ರಲ್ಲಿ ಏಳು ತಿಂಗಳಲ್ಲಿ ಹತ್ತಿರ ಹತ್ತಿರ ಐದು ಕೋಟಿ ಜನರ ರಕ್ತ ಪರೀಕ್ಷಿಸಿ, ಸಿಕ್ಕವರಿಗೆಲ್ಲ ಪುಕ್ಕಟೆ ಗುಳಿಗೆ ಕೊಟ್ಟಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ದೇಶಕ್ಕೆ ಚಿನ್ನದ ದರ್ಜೆಯ ಮನ್ನಣೆ ಕೊಟ್ಟಿತು. ಸೂಜಿಯಿಂದ ಕಟ್ಟಿಕೊಂಡದ್ದನ್ನು ಸರಕಾರವೇ ಗುಳಿಗೆಯಿಂದ ಬಿಚ್ಚಿತು.

ಇನ್ನುಳಿದ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ಜಾತ್ರೆಯಲ್ಲಿ ಒಂದೇ ಸೂಜಿ, ಒಂದೇ ಬಣ್ಣದ ಬಟ್ಟಲಿನಿಂದ ಹತ್ತು ಮಂದಿಗೆ ಹಚ್ಚೆ ಚುಚ್ಚುವುದು. ಒಂದೇ ಬ್ಲೇಡಿನಲ್ಲಿ ಕ್ಷೌರ. ನಶೆಯ ಸೂಜಿ ಹಂಚಿಕೊಳ್ಳುವುದು. ಎಚ್ಚರ ವಹಿಸದ ಡಯಾಲಿಸಿಸ್ ಕೋಣೆ. ಸೋಂಕಿರುವ ತಾಯಿಯಿಂದ ಹುಟ್ಟುವ ಮಗುವಿಗೆ, ನೂರಕ್ಕೆ ಐದಾರು ಮಕ್ಕಳಿಗೆ. ಗಂಡ-ಹೆಂಡಿರ ನಡುವೆ ಹರಡುವುದು ಅಪರೂಪ, ಹೆಪಟೈಟಿಸ್ ಬಿಗೂ ಇದಕ್ಕೂ ಇಲ್ಲಿ ದೊಡ್ಡ ಅಂತರವಿದೆ. ಆದ್ದರಿಂದ ಒಬ್ಬರಿಗೆ ಬಂದರೆ ಇನ್ನೊಬ್ಬರ ನಡತೆಯ ಮೇಲೆ ಬೆರಳು ತೋರಿಸಬೇಡಿ. ಒಂದೇ ಗಂಗಾಳದಲ್ಲಿ ಉಂಡರೆ, ಒಂದೇ ಚರಿಗೆಯ ನೀರು ಕುಡಿದರೆ, ತಬ್ಬಿಕೊಂಡರೆ, ಕೆಮ್ಮಿದರೆ ಇದು ಬರುವುದಿಲ್ಲ. ತಾಯಿ ಹಾಲು ಕುಡಿಸಬಹುದು, ತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ಅಷ್ಟು ದಿನ ಬೇಡ.

ಈಗ ನಮ್ಮ ಕಾಮಣಿಯ ವಿಷಯಕ್ಕೆ ಬರೋಣ. ಇಲ್ಲಿ ಗೊಂದಲ ದೊಡ್ಡದಿದೆ.

ಕಣ್ಣು ಹಳದಿಯಾದರೆ ನಾವು ಕಾಮಣಿ ಎನ್ನುತ್ತೇವೆ. ಅದು ರೋಗವಲ್ಲ, ಲಕ್ಷಣ. ಮಳೆಗಾಲದಲ್ಲಿ ಗಟಾರದ ನೀರು ನಳದ ನೀರಿಗೆ ಕೂಡಿದಾಗ ಬರುವ ಕಾಮಣಿ ಎ ಅಥವಾ ಇ ವೈರಸ್ಸಿನದು. ಅದು ಹೆಚ್ಚಿನವರಲ್ಲಿ ನಾಲ್ಕಾರು ವಾರದಲ್ಲಿ ತಾನೇ ಹೋಗುತ್ತದೆ. ಗರ್ಭಿಣಿಯರಲ್ಲಿ ಇ ವೈರಸ್ಸು ಕೇಡು ಮಾಡುತ್ತದೆ, ಅದನ್ನು ಹಗುರವಾಗಿ ನೋಡಬಾರದು. ತಾನೇ ಹೋಗುವ ರೋಗಕ್ಕೆ ಔಷಧಿ ಕೊಟ್ಟವನ ಹೆಸರು ಹೆಚ್ಚುತ್ತದೆ. ನಮ್ಮಜ್ಜಿಯೂ ಕೊಡುತ್ತಿದ್ದಳು. ನೆಲನೆಲ್ಲಿಯನ್ನು ಬೇರು ಸಹಿತ ಅರೆದು ಮಜ್ಜಿಗೆಯಲ್ಲಿ ಕಲಸಿ, ಬೆಳಗಿನ ಖಾಲಿ ಹೊಟ್ಟೆಗೆ ಮೂರು ದಿನ. ಅವಳ ಕೈಗುಣ ದೊಡ್ಡದೆಂದು ಸುತ್ತಿನ ಹಳ್ಳಿಯವರು ಬರುತ್ತಿದ್ದರು. ಅವಳ ಕೈಗುಣಕ್ಕಿಂತ ಎ ವೈರಸ್ಸಿನ ಗುಣ ದೊಡ್ಡದಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಅಜ್ಜಿಗೆ ಹೇಳುವ ಧೈರ್ಯ ಆಗಲಿಲ್ಲ.

ನೆಲನೆಲ್ಲಿಯನ್ನು ವಿಜ್ಞಾನ ಕಡೆಗಣಿಸಿದೆ ಎಂದೂ ತಿಳಿಯಬೇಡಿ. ಹೆಪಟೈಟಿಸ್ ಬಿ ವೈರಸ್ಸಿನ ಸುಳಿವು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೇ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಅವರೊಡನೆ ಸೇರಿ ಈ ಗಿಡವನ್ನು ಹೆಪಟೈಟಿಸ್ ಬಿ ಇರುವವರಿಗೆ ಕೊಟ್ಟು ನೋಡಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ಫಲಿತಾಂಶ ಆಸೆ ಹುಟ್ಟಿಸುವಂತಿತ್ತು. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಗುಣ ಮತ್ತೆ ಕಾಣಲಿಲ್ಲ. ಅದೂ ಬಿ ವೈರಸ್ಸಿನ ಮಾತು, ಸಿ ವೈರಸ್ಸಿನದಲ್ಲ. ಜುಲೈ 28ನ್ನು ಜಗತ್ತೇ ಹೆಪಟೈಟಿಸ್ ದಿನವೆಂದು ಆಚರಿಸುತ್ತದಲ್ಲ, ಅದು ಇದೇ ಬ್ಲೂಮ್‌ಬರ್ಗರ ಹುಟ್ಟಿದ ದಿನ.

ಸಿ ವೈರಸ್ಸಿನ ಕಪಟ ಇರುವುದೇ ಇಲ್ಲಿ. ಅದು ಬಂದಾಗ ಹೆಚ್ಚಿನವರ ಕಣ್ಣು ಹಳದಿಯಾಗುವುದೇ ಇಲ್ಲ. ಜ್ವರವಿಲ್ಲ, ನೋವಿಲ್ಲ. ಸೋಂಕು ತಗುಲಿದ ನೂರು ಮಂದಿಯಲ್ಲಿ 15ರಿಂದ 45 ಮಂದಿಯ ಮೈ ಆರು ತಿಂಗಳೊಳಗೆ ತಾನೇ ಅದನ್ನು ಹೊರಹಾಕುತ್ತದೆ. ಉಳಿದವರಲ್ಲಿ ಅದು ಮನೆ ಮಾಡುತ್ತದೆ. ಹಾಗೆ ಮನೆ ಮಾಡಿಸಿಕೊಂಡವರಲ್ಲಿ ನೂರಕ್ಕೆ 15ರಿಂದ 30 ಮಂದಿಗೆ ಇಪ್ಪತ್ತು ವರ್ಷದೊಳಗೆ ಸಿರೋಸಿಸ್ ಆಗುತ್ತದೆ. ಅವರಲ್ಲಿ ಕೆಲವರಿಗೆ ಲಿವರ್ ಕ್ಯಾನ್ಸರ್. ಇಪ್ಪತ್ತು ವರ್ಷ ಸುಮ್ಮನಿದ್ದು ಇಪ್ಪತ್ತೊಂದನೆಯ ವರ್ಷ ರಕ್ತ ಕಾರಿಸುವ ರೋಗಕ್ಕೆ ಕಾಮಣಿಯ ಔಷಧಿ ಯಾವಾಗ ಕೊಡುತ್ತೀರಿ? ಕಾಮಣಿಗೆಂದು ಬರೆ ಎಳೆಯುವ ಚುಟಗಿಯನ್ನು ಕೈಗೆ ಯಾವ ದಿನ ಹಾಕುತ್ತೀರಿ? ಲಿವರು ನಮ್ಮ ಕಡೆಯ ಹಿರಿಸೊಸೆಯ ಹಾಗೆ. ಮುಕ್ಕಾಲು ಪಾಲು ಮುರಿಯುವವರೆಗೂ ಒಂದು ಮಾತಾಡುವುದಿಲ್ಲ.

ಎಷ್ಟು ಮಂದಿಗೆ ಇದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಕೂಡಿಸಿದ ರಕ್ತವನ್ನು ಪರೀಕ್ಷಿಸಿದಾಗ ದೇಶದಲ್ಲಿ ನೂರಕ್ಕೆ 0.32 ಮಂದಿಯಲ್ಲಿ ಸಿ ವೈರಸ್ಸಿನ ಗುರುತು ಸಿಕ್ಕಿತು. ಸಣ್ಣ ಸಂಖ್ಯೆ ಎನ್ನಿಸಬಹುದು. ಹತ್ತು ಸಾವಿರ ಜನರ ಊರಿಗೆ ಲೆಕ್ಕ ಹಾಕಿದರೆ 32 ಮಂದಿ. ಆದರೆ ಸರಾಸರಿ ಎಂಬುದು ಮಲಪ್ರಭೆಯ ನೀರಿನ ಹಾಗೆ, ಎಲ್ಲ ಹೊಲಕ್ಕೂ ಸಮನಾಗಿ ಹರಿಯುವುದಿಲ್ಲ. ಒಂದೂರಲ್ಲಿ ಒಬ್ಬರಿಲ್ಲ, ಇನ್ನೊಂದೂರಲ್ಲಿ ಒಂದೇ ಓಣಿಯಲ್ಲಿ ಆರು ಮಂದಿ. ಹೆಚ್ಚಾಗಿ ಆ ಓಣಿಗೆ ಒಂದು ಕಾಲಕ್ಕೆ ಒಬ್ಬನೇ ಸೂಜಿ ಮಾಡುವವನಿದ್ದ.

ಪರೀಕ್ಷೆ ಎರಡು ಹಂತದ್ದು. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಓದಿದವರೂ ಇಲ್ಲೇ ಎಡವುತ್ತಾರೆ.

ಬೈಲಹೊಂಗಲದ ಸುತ್ತ ಕಬ್ಬು ಬೆಳೆದವರಿಗೆ ಹಂದಿಯ ಕಾಟ ಗೊತ್ತು. ಬೆಳಿಗ್ಗೆ ಹೊಲಕ್ಕೆ ಹೋದರೆ ಬದುವಿನ ಮೇಲೆ ಹೆಜ್ಜೆ ಕಾಣುತ್ತದೆ. ಹಂದಿ ಬಂದಿತ್ತು ಎಂಬುದು ಖರೆ. ಈಗಲೂ ಕಬ್ಬಿನೊಳಗೆ ಕೂತಿದೆಯೋ, ರಾತ್ರಿಯೇ ದಾಟಿ ಹೋಯಿತೋ ಹೆಜ್ಜೆ ಹೇಳುವುದಿಲ್ಲ. ಮೊದಲನೆಯ ಪರೀಕ್ಷೆ, ಆ್ಯಂಟಿಬಾಡಿಯದು, ಹೆಜ್ಜೆ ನೋಡುವ ಪರೀಕ್ಷೆ. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಅರ್ಧ ತಾಸಿನೊಳಗೆ ಗೆರೆ ಮೂಡುತ್ತದೆ. ಆ ವರದಿಯಲ್ಲಿ ‘ರಿಯಾಕ್ಟಿವ್’ ಎಂದಿದ್ದರೆ ವೈರಸ್ಸು ಒಮ್ಮೆ ಬಂದಿತ್ತು ಎಂದಷ್ಟೇ ಅರ್ಥ. ಎರಡನೆಯದು ಆರ್‌ಎನ್‌ಎ ಪರೀಕ್ಷೆ, ವೈರಲ್ ಲೋಡ್ ಎನ್ನುತ್ತಾರೆ. ಕಬ್ಬಿನೊಳಗೆ ನುಗ್ಗಿ ಹಂದಿಯನ್ನೇ ಹುಡುಕುವುದು. ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಹೇಳುವುದು ಇದೇ. ಇನ್ನೂ ಒಂದು ಮಾತಿದೆ. ಹಂದಿಯನ್ನು ಓಡಿಸಿದ ಮೇಲೂ ಹೆಜ್ಜೆ ಅಳಿಯುವುದಿಲ್ಲ. ಪೂರ್ತಿ ವಾಸಿಯಾದ ಮನುಷ್ಯನಲ್ಲೂ ಮೊದಲನೆಯ ಪರೀಕ್ಷೆ ವರ್ಷಗಟ್ಟಲೆ, ಹಲವರಲ್ಲಿ ಜೀವಮಾನವಿಡೀ, ರಿಯಾಕ್ಟಿವ್ ಎಂದೇ ಬರುತ್ತದೆ.

ಇದು ತಿಳಿಯದೆ ಆದ ಒಂದು ಫಜೀತಿ ಹೇಳುತ್ತೇನೆ. ಕಿತ್ತೂರು ಕಡೆಯ ಒಬ್ಬ ಹುಡುಗ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟಿದ್ದ. ಸಿ ಪರೀಕ್ಷೆ ರಿಯಾಕ್ಟಿವ್ ಬಂದಿದೆ ಎಂದು ರಕ್ತನಿಧಿಯವರು ಕರೆದು ಹೇಳಿದರು. ಎರಡು ತಿಂಗಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಏಡ್ಸ್ ಎಂದೇ ತಿಳಿದಿದ್ದ. ಕಡೆಗೆ ನನ್ನಲ್ಲಿಗೆ ಬಂದ. ಗುಳಿಗೆ ತೆಗೆದುಕೊಂಡ, ವಾಸಿಯಾದ, ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ಸು ಇಲ್ಲವೆಂದು ಬಂತು. ಎರಡು ವರ್ಷದ ಮೇಲೆ ಹರ್ನಿಯಾ ಆಪರೇಷನ್ನಿಗೆಂದು ಒಂದು ಖಾಸಗಿ ಆಸ್ಪತ್ರೆಗೆ ಹೋದಾಗ ಅಲ್ಲಿ ಮೊದಲನೆಯ ಪರೀಕ್ಷೆ ಮಾತ್ರ ಮಾಡಿ, ಸೋಂಕಿದೆ ಎಂದು ಬೇರೆ ಕಿಟ್ಟಿನ ಹೆಸರಲ್ಲಿ ಹೆಚ್ಚಿಗೆ ಹಣ ಕೇಳಿದರು. ಹುಡುಗ ಅಲ್ಲಿಂದಲೇ ಫೋನು ಮಾಡಿದ. ನಾನು ಸರ್ಜನ್ನರ ಜೊತೆ ಮಾತಾಡಿದೆ, ಅವರು ತಿದ್ದಿಕೊಂಡರು. ಎಲ್ಲರ ಹತ್ತಿರವೂ ಫೋನು ಮಾಡಲು ಒಬ್ಬ ಮುದಿ ಡಾಕ್ಟರ ಇರುವುದಿಲ್ಲ. ಆದ್ದರಿಂದ ವಾಸಿಯಾದವರು ಆ ಎರಡನೆಯ ವರದಿಯನ್ನು ಹೊಲದ ಉತಾರದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಔಷಧಿಯ ಕತೆಗೆ ಬರುತ್ತೇನೆ. ನಮ್ಮ ನೇಕಾರರ ಕಾಲದಲ್ಲಿ ಇದ್ದದ್ದು ಇಂಟರ್‌ಫೆರಾನ್. ವಾರಕ್ಕೊಂದು ಇಂಜೆಕ್ಷನ್, ಜೊತೆಗೆ ರಿಬಾವಿರಿನ್ ಗುಳಿಗೆ, ಆರು ತಿಂಗಳಿಂದ ಒಂದು ವರ್ಷ. ಜ್ವರ, ಕೂದಲು ಉದುರುವುದು, ರಕ್ತ ಇಳಿಯುವುದು, ಕೆಲವರಿಗೆ ಸಾಯಬೇಕೆನ್ನಿಸುವಷ್ಟು ಮನಸ್ಸು ಕುಗ್ಗುವುದು. ಖರ್ಚು ಲಕ್ಷಗಳಲ್ಲಿ. ಇಷ್ಟಾದರೂ ಗುಣವಾಗುವ ಭರವಸೆ ಇರಲಿಲ್ಲ. ಹೊಟ್ಟೆಗೆ ನೀರು ಬಂದವರಿಗೆ ಅದನ್ನು ಕೊಡಲೂ ಬರುತ್ತಿರಲಿಲ್ಲ. 2008ರಲ್ಲಿ ನೇಕಾರರು ತೀರಿಕೊಂಡರು.

ಐದು ವರ್ಷದ ಮೇಲೆ, 2013ರ ಡಿಸೆಂಬರಿನಲ್ಲಿ, ಸೋಫೋಸ್‌ಬುವಿರ್ ಎಂಬ ಗುಳಿಗೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ರೂಪಿಸಿದ ರಸಾಯನಶಾಸ್ತ್ರಜ್ಞ ಮೈಕೆಲ್ ಸೋಫಿಯಾ ಅವರ ಹೆಸರೇ ಗುಳಿಗೆಯ ಹೆಸರಿನಲ್ಲಿ ಸೇರಿಕೊಂಡಿದೆ. ಅದು ಕೆಲಸ ಮಾಡುವ ಬಗೆಯನ್ನು ರಾಮದುರ್ಗದ ಮಗ್ಗದ ಮುಂದೆ ಕೂತವರಿಗೆ ವಿವರಿಸುವುದು ಸುಲಭ. ವೈರಸ್ಸು ತನ್ನ ಪ್ರತಿ ಮಾಡಿಕೊಳ್ಳುವಾಗ ಒಂದೊಂದೇ ಎಳೆ ಕೂಡಿಸಿ ನೇಯುತ್ತ ಹೋಗುತ್ತದೆ. ಈ ಔಷಧಿ ಒಂದು ಹುಸಿ ಎಳೆ. ನೋಡಲು ಖರೆ ಎಳೆಯ ಹಾಗೇ ಇರುತ್ತದೆ, ಮಗ್ಗ ಮೋಸ ಹೋಗಿ ಅದನ್ನು ತೆಗೆದುಕೊಳ್ಳುತ್ತದೆ. ಆದರೆ ಅದರ ಮುಂದೆ ಇನ್ನೊಂದು ಎಳೆ ಗಂಟು ಬೀಳುವುದಿಲ್ಲ. ನೇಯ್ಗೆ ಅಲ್ಲಿಗೇ ನಿಲ್ಲುತ್ತದೆ. ಜೊತೆಗೆ ಕೊಡುವ ಡಕ್ಲಾಟಾಸ್‌ವಿರ್ ಅಥವಾ ವೆಲ್ಪಾಟಾಸ್‌ವಿರ್ ವೈರಸ್ಸಿನ ಇನ್ನೊಂದು ಪ್ರೋಟೀನನ್ನು ಹಿಡಿದು ಕಟ್ಟಿಹಾಕುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ ವೈರಸ್ಸುಗಳು ನಮ್ಮ ಜೀವಕೋಶದ ಬೀಜದೊಳಗೆ ಹೋಗಿ ಬಚ್ಚಿಟ್ಟುಕೊಳ್ಳುತ್ತವೆ, ಆದ್ದರಿಂದ ಬೇರುಸಹಿತ ಹೋಗುವುದು ಕಷ್ಟ. ಸಿ ವೈರಸ್ಸು ಪಡಸಾಲೆಯಲ್ಲೇ ಇರುತ್ತದೆ, ದೇವರ ಕೋಣೆಗೆ ಹೋಗುವುದಿಲ್ಲ. ಅದಕ್ಕೇ ಅದನ್ನು ಪೂರ್ತಿ ಹೊರಹಾಕಲು ಸಾಧ್ಯ. ಬಹುಕಾಲ ಮೈಯಲ್ಲಿ ಉಳಿಯುವ ವೈರಸ್ಸುಗಳಲ್ಲಿ ಗುಳಿಗೆಯಿಂದಲೇ ಬೇರು ಕಿತ್ತುಹಾಕಬಲ್ಲದ್ದು ಎಂದರೆ ಇದೇ.

ಬೆಲೆ? ಅಮೆರಿಕದಲ್ಲಿ ಆಗ ಒಂದು ಗುಳಿಗೆಗೆ 1000 ಡಾಲರ್. 12 ವಾರಕ್ಕೆ 84 ಗುಳಿಗೆ, 84,000 ಡಾಲರ್, ಆಗಿನ ಲೆಕ್ಕದಲ್ಲಿ 50 ಲಕ್ಷ ರೂಪಾಯಿಯ ಮೇಲೆ. ನಾಲ್ಕು ಎಕರೆ ನೀರಾವರಿ ಹೊಲ ಹೋದಂತೆ. 2014ರ ಸೆಪ್ಟೆಂಬರಿನಲ್ಲಿ ಆ ಗುಳಿಗೆಯ ಹಕ್ಕು ಹೊಂದಿದ್ದ ಕಂಪನಿ ಭಾರತದ ಕೆಲವು ಕಂಪನಿಗಳಿಗೆ ತಯಾರಿಸಲು ಪರವಾನಗಿ ಕೊಟ್ಟಿತು. 2015ರ ಮಾರ್ಚಿನಲ್ಲಿ ಹೈದರಾಬಾದಿನ ನಾಟ್ಕೊ ಕಂಪನಿ 28 ಗುಳಿಗೆಯ ಬಾಟಲಿಯನ್ನು 19,900 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿತು. ಅದೂ ಬಡವರಿಗೆ ಭಾರವೇ. 2016ರ ಜೂನಿನಲ್ಲಿ ಪಂಜಾಬ್ ಸರಕಾರ ಪುಕ್ಕಟೆ ಕೊಡಲು ಶುರು ಮಾಡಿತು, ಅದೂ ದೊಡ್ಡ ನಗರದ ತಜ್ಞರಲ್ಲಿಗೆ ಓಡಿಸದೆ ಜಿಲ್ಲಾ ಆಸ್ಪತ್ರೆಯ ವೈದ್ಯರಿಗೇ ತರಬೇತಿ ಕೊಟ್ಟು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಗುಣವಾದರು. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಪರೀಕ್ಷೆಯೂ ಔಷಧಿಯೂ ಈಗ ಸರಕಾರದ ಕಡೆಯಿಂದ ಪುಕ್ಕಟೆ.

ಚಿಕಿತ್ಸೆಯ ಕ್ರಮ ಸರಳ. ಸಿರೋಸಿಸ್ ಆಗದವರಿಗೆ ಸೋಫೋಸ್‌ಬುವಿರ್ 400 ಮಿಲಿಗ್ರಾಂ, ಡಕ್ಲಾಟಾಸ್‌ವಿರ್ 60 ಮಿಲಿಗ್ರಾಂ, ದಿನಕ್ಕೊಮ್ಮೆ, 12 ವಾರ. ಸಿರೋಸಿಸ್ ಆದವರಿಗೆ ಡಕ್ಲಾಟಾಸ್‌ವಿರ್ ಬದಲು ವೆಲ್ಪಾಟಾಸ್‌ವಿರ್. ಹೊಟ್ಟೆಗೆ ನೀರು ಬಂದವರಿಗೆ ಇದರ ಜೊತೆ ರಿಬಾವಿರಿನ್, ಅದು ಆಗದಿದ್ದರೆ 24 ವಾರ. ಸಿರೋಸಿಸ್ ಇದೆಯೋ ಎಂದು ಅಂದಾಜು ಮಾಡಲು ದೊಡ್ಡ ಯಂತ್ರ ಬೇಕೇ ಬೇಕೆಂದಿಲ್ಲ. ರಕ್ತದಲ್ಲಿನ ಎಎಸ್‌ಟಿ ಮತ್ತು ಪ್ಲೇಟ್‌ಲೆಟ್ ಎರಡು ಸಂಖ್ಯೆ ಹಿಡಿದು ಕಾಗದದ ಮೇಲೆ ಲೆಕ್ಕ ಮಾಡಬಹುದು. ಗುಳಿಗೆ ಮುಗಿದ 12 ವಾರದ ಮೇಲೆ ಮತ್ತೊಮ್ಮೆ ಆರ್‌ಎನ್‌ಎ ಪರೀಕ್ಷೆ. ಅಲ್ಲಿ ವೈರಸ್ಸು ಇಲ್ಲವೆಂದರೆ ವಾಸಿಯಾಯಿತು ಎಂದೇ ಅರ್ಥ. ನೂರಕ್ಕೆ 95 ಮಂದಿ ಈ ಗೆರೆ ದಾಟುತ್ತಾರೆ.

ಎಚ್ಚರ ವಹಿಸಬೇಕಾದವೂ ಇವೆ. ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಇದೆಯೋ ನೋಡಲೇಬೇಕು. ಸಿ ಹೋದಾಗ ಮಲಗಿದ್ದ ಬಿ ಎದ್ದು ಕೂರುವುದುಂಟು. ಮೂರ್ಛೆ ರೋಗದ ಗುಳಿಗೆ, ಟಿಬಿಯ ರಿಫಾಂಪಿಸಿನ್, ಹೃದಯದ ಅಮಿಯೊಡರೋನ್, ಅಷ್ಟೇ ಏಕೆ, ನೀವು ಕೇಳದೆ ನುಂಗುವ ಆ್ಯಸಿಡಿಟಿ ಗುಳಿಗೆ ಕೂಡ ಇವುಗಳೊಡನೆ ಜಗಳ ಮಾಡುತ್ತವೆ. ಏನೇನು ನುಂಗುತ್ತೀರಿ ಎಲ್ಲವನ್ನೂ ವೈದ್ಯರ ಮುಂದೆ ಹರವಿ ತೋರಿಸಿ, ಗಿಡಮೂಲಿಕೆಯನ್ನೂ ಸೇರಿಸಿ. ಗರ್ಭಿಣಿಯರು ಹೆರಿಗೆ ಆಗುವವರೆಗೆ ಕಾಯಬೇಕು. ಸಿರೋಸಿಸ್ ಆದವರು ವೈರಸ್ಸು ಹೋದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಿರಬೇಕು, ಕ್ಯಾನ್ಸರಿನ ಭಯ ಅವರಿಗೆ ಪೂರ್ತಿ ಹೋಗಿರುವುದಿಲ್ಲ. ಇದಕ್ಕೆ ಲಸಿಕೆ ಇಲ್ಲ, ಒಮ್ಮೆ ವಾಸಿಯಾದವರಿಗೆ ಮತ್ತೆ ಬರಬಹುದು.

ನನ್ನ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಗುಳಿಗೆಯ ಬಾಟಲಿ ಕೈಗೆ ಕೊಟ್ಟಾಗ ಒಂದೇ ಪ್ರಶ್ನೆ ಕೇಳಿದ್ದಾರೆ: ‘ಇದಕ್ಕೊಂದು ಸೂಜಿ ಇಲ್ಲೇನ್ರಿ?’ ಸೂಜಿಯಿಂದ ಬಂದ ಬ್ಯಾನಿಗೆ ಸೂಜಿಯನ್ನೇ ಬೇಡುವುದು! ನಗು ಬರುತ್ತದೆ, ಆದರೆ ಆ ಪಾಠ ಕಲಿಸಿದವರು ನಾವೇ. ಮೂರನೆಯ ವಾರದಲ್ಲಿ ಸೋತ ನಾನು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಬೇಡದ ಸಲಾಯಿನ್ ಹಚ್ಚಿಸಿಕೊಳ್ಳಲು ತೋಳು ಚಾಚುವ ಜನ, ಬೆರಳ ತುದಿಯ ಒಂದು ಹನಿ ಪರೀಕ್ಷೆಗೆ ಕೈ ಹಿಂದೆ ಸರಿಸುತ್ತಾರೆ. ‘ಏನರ ಬಂದ್ರ?’ ಎನ್ನುತ್ತಾರೆ. ಬಂದರೆ 84 ದಿನ ಗುಳಿಗೆ, ಅಷ್ಟೆ. ಔಷಧಿ ಇಲ್ಲದ ಕಾಲದ ಅಂಜಿಕೆ ಔಷಧಿ ಬಂದ ಮೇಲೂ ಉಳಿದುಬಿಟ್ಟಿದೆ. ಜಗತ್ತಿನಲ್ಲಿ ಇನ್ನೂ ಸುಮಾರು 5 ಕೋಟಿ ಮಂದಿ ಈ ವೈರಸ್ಸನ್ನು ಹೊತ್ತು ತಿರುಗುತ್ತಿದ್ದಾರೆ. 2022ರಲ್ಲಿ ಸುಮಾರು ಎರಡು ಲಕ್ಷ ನಲವತ್ತು ಸಾವಿರ ಮಂದಿ ಇದರಿಂದ ಸತ್ತರು. ಔಷಧಿ ಇದ್ದೂ ಸತ್ತರು.

ನೇಕಾರರ ಹೆಂಡತಿ ಕೇಳಿದ್ದನ್ನು ನಾನು ಆಗ ನಡೆಸಿಕೊಡಲಿಲ್ಲ. ಕೆಲಸದ ನೆಪ ಹೇಳಿದೆ. ಇವತ್ತು ನಾಲ್ಕು ತಾಲೂಕಿನ ಮಂದಿಯ ಮುಂದೆ ಹೇಳುತ್ತಿದ್ದೇನೆ, ಆ ಮನುಷ್ಯ ಕುಡಿಯುತ್ತಿರಲಿಲ್ಲ.

ಈ ಸಭೆಯಲ್ಲಿ 2002ಕ್ಕಿಂತ ಮೊದಲು ರಕ್ತ ಹಾಕಿಸಿಕೊಂಡವರು, ಹೆರಿಗೆಯಲ್ಲಿ, ಅಪಘಾತದಲ್ಲಿ, ಆಪರೇಷನ್ನಿನಲ್ಲಿ, ಇದ್ದೀರಿ. ಗಾಜಿನ ಸಿರಿಂಜಿನ ಕಾಲದಲ್ಲಿ ಸೂಜಿ ಮಾಡಿಸಿಕೊಂಡವರು ಬಹಳ ಮಂದಿ ಇದ್ದೀರಿ, ಅವರಲ್ಲಿ ಕೆಲವರಿಗೆ ನಾನೇ ಮಾಡಿರಬಹುದು. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರೂ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಯವರೂ ಇದ್ದೀರಿ. ನಾಳೆ ಸೋಮವಾರ. ತಾಲೂಕು ದವಾಖಾನಿಗೆ ಹೋಗಿ ‘ಹೆಪಟೈಟಿಸ್ ಸಿ ಪರೀಕ್ಷೆ ಮಾಡ್ರಿ’ ಎಂದು ಬಾಯಿಬಿಟ್ಟು ಕೇಳಿ. ಮೊದಲನೆಯದು ರಿಯಾಕ್ಟಿವ್ ಎಂದು ಬಂದರೆ ಅಲ್ಲಿಗೇ ಬಿಡಬೇಡಿ, ಎರಡನೆಯದಕ್ಕೆ ರಕ್ತ ಕಳಿಸಿಕೊಡಲು ಹೇಳಿ. ನಾನು ನನ್ನದನ್ನು ಮಾಡಿಸಿಕೊಂಡಿದ್ದೇನೆ.